ಬುತ್ತಿಗಲ್ಲಿನಿಂದ ಮೇಲೆ

ಗುಡ್ಡಕ್ಕೆ ಹೋಗುವ ಹಿಂದಿನ ದಿನ ನಮ್ಮ ಮನೆಯಲ್ಲಿ ಒಂದು ಜಗಳ ಆಗಲೇಬೇಕಿತ್ತು. ಆಗದಿದ್ದರೆ ಬುತ್ತಿಗೆ ಉಪ್ಪು ಹಾಕುವುದನ್ನೇ ಮರೆತಂತೆ ಎಲ್ಲರಿಗೂ ಏನೋ ಕಳವಳ. ಕಲಬುರಗಿಯ ಜಗತ್ ಎಂಬ ಭಾಗದ ಒಂದು ಓಣಿಯಲ್ಲಿ ನಮ್ಮ ಮನೆ. ಮುಂದಿನ ಪಡಸಾಲೆಯಲ್ಲಿ ತೊಗರಿ ಚೀಲಗಳ ಸಾಲು, ಗಾದಿ, ತಕ್ಕಡಿ. ಅದು ಮುತ್ಯಾನ ರಾಜ್ಯ. ಹಿಂದೆ ಹೊಗೆಗೆ ಕಪ್ಪಾದ ತೊಲೆಗಳ ಅಡುಗೆಮನೆ. ಅದು ಆಯಿಯ ರಾಜ್ಯ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ, ಅಜ್ಜಿಗೆ ಆಯಿ. ನಡುವೆ ದೇವರ ಜಗಲಿ ಇದ್ದುದರಿಂದ ಎರಡು ರಾಜ್ಯಗಳಿಗೂ ದಿನಾ ಯುದ್ಧವಾಗುತ್ತಿರಲಿಲ್ಲ. ಮುತ್ಯಾ ಎತ್ತರದ ಆಳು. ರುಮಾಲು ದೊಡ್ಡದು, ಮಾತು ಸಣ್ಣದು. ಆಯಿ ಗಿಡ್ಡಕ್ಕೆ ದುಂಡಗಿದ್ದಳು, ಅವಳ ಮಾತು ಮಾತ್ರ ಉದ್ದ. ಅಪ್ಪ ವ್ಯಾಪಾರದ ಮೇಲೆ ಊರೂರು ತಿರುಗುವವನು. ಅವ್ವ ಯಾರ ಜಗಳದಲ್ಲೂ ಸಿಕ್ಕಿಬೀಳದೆ ಹಿಟ್ಟು ನಾದುತ್ತ ಕೂಡುವವಳು. ಅಪ್ಪನ ತಮ್ಮ, ನಮ್ಮ ಕಾಕಾ, ಉರ್ದು ಶಾಲೆ ಕಲಿತವನು. ಮನೆಯಲ್ಲಿ ಏನೇ ಆದರೂ ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ ಅವನದು. ಇಷ್ಟೂ ಜನರ ನಡುವೆ ಇದ್ದ ಒಬ್ಬಳೇ ಹುಡುಗಿ ನಾನು. ಎಲ್ಲರ ಮಾತೂ ಕೇಳಿಸಿಕೊಂಡು ಯಾರ ಮಾತೂ ಕೇಳದವಳು ಎಂದು ಅವ್ವ ನನ್ನನ್ನು ಬೈಯುತ್ತಿದ್ದಳು.

ಕಮಲಾಪುರದಲ್ಲಿ ನಮ್ಮ ಹೊಲವಿತ್ತು, ಹಳೆಯ ಮನೆಯಿತ್ತು. ಅದರಾಚೆ ಕಾಡು ಹೊದ್ದ ಒಂದು ಗುಡ್ಡ. ಅದರ ತುದಿಯ ಬಂಡೆಯ ಮೇಲೆ ಬಸವಣ್ಣನ, ಅಂದರೆ ಶಿವನ ನಂದಿಯ, ಹೆಜ್ಜೆ ಮೂಡಿದೆ ಎಂದು ನಮ್ಮ ಮನೆತನದ ನಂಬಿಕೆ. ವರ್ಷಕ್ಕೆ ಮೂರು ಸಲ ಅಲ್ಲಿಗೆ ನಮ್ಮ ಮನೆಯ ಪೂಜೆ ಸಲ್ಲಬೇಕು. ಶ್ರಾವಣದಲ್ಲಿ ಪತ್ರಿ, ಎಳ್ಳಮಾವಾಸ್ಯೆಗೆ ಚರಗ, ಬಿಸಿಲು ಬಲಿತ ಮೇಲೆ ಒಂದು ಕೊಡ ನೀರು. ಗುಡ್ಡದ ಅರ್ಧ ದಾರಿಯಲ್ಲಿ ಬೇವಿನ ಮರದ ಕೆಳಗೆ ಒಂದು ಹಾಸುಗಲ್ಲಿದೆ. ಹೆಂಗಸರು ಬುತ್ತಿ ಹೊತ್ತುಕೊಂಡು ಅಲ್ಲಿಯ ತನಕ ಬರಬೇಕು, ಅಲ್ಲೇ ಕೂಡಬೇಕು. ಗಂಡಸರು ಮೇಲೆ ಹೋಗಿ ಪೂಜೆ ಮುಗಿಸಿ ಇಳಿದು ಬಂದು ಉಣ್ಣಬೇಕು. ಅದಕ್ಕೇ ಅದು ಬುತ್ತಿಗಲ್ಲು. ಆಯಿ ಮದುವೆಯಾಗಿ ಬಂದಾಗ ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸು. ಅಂದಿನಿಂದ ಆ ಕಲ್ಲಿನ ಮೇಲೆ ಕೂತವಳು ಮುದುಕಿಯಾದರೂ ಕೂತೇ ಇದ್ದಳು. ಮೇಲೆ ಏನಿದೆ ಎಂದು ಒಮ್ಮೆ ನೋಡಬೇಕು, ಇದೊಂದೇ ಅವಳ ಆಸೆ. ಬಂಗಾರ ಕೇಳಲಿಲ್ಲ, ಕಾಶಿ ಕೇಳಲಿಲ್ಲ. ವರ್ಷಕ್ಕೆ ಮೂರು ಸಲ ಇದನ್ನೇ ಕೇಳುತ್ತಿದ್ದಳು, ಅದೂ ರೊಟ್ಟಿ ಬಡಿಯುತ್ತ, ಪಡಸಾಲೆಗೆ ಕೇಳುವಷ್ಟು ಜೋರಾಗಿ.

"ಮ್ಯಾಲ ಏನದ ಅಂತೀನ್ರೀ?"

"ಏನದ? ಕಲ್ಲದ."

"ಕಲ್ಲ ನೋಡಾಕ ಇಷ್ಟ ಮಂದಿ ಯಾಕ ಹೋಗ್ತೀರಿ?"

"ಪದ್ಧತಿ ಅದ."

"ನಾ ಒಮ್ಮಿ ನೋಡಿ ಬಂದ್ರ ಕಲ್ಲ ಸವೀತದೇನು?"

"ನಮ್ಮವ್ವ ಬುತ್ತಿಗಲ್ಲಿನ ಮ್ಯಾಲ ಕೂತಾಳ, ಅಕಿ ಅತ್ತಿ ಕೂತಾಳ. ನೀ ಏನ ಬ್ಯಾರೆ ಹುಟ್ಟಿ ಬಂದೀ?"

ಈ ಮಾತು ಬಂದಾಗ ಆಯಿಯ ಕೈಯಲ್ಲಿದ್ದ ರೊಟ್ಟಿಗೆ ಬೀಳುವ ಪೆಟ್ಟು ಓಣಿಯ ಕೊನೆಗೆ ಕೇಳುತ್ತಿತ್ತು. ಅಂಥ ದಿನ ರೊಟ್ಟಿ ತೆಳ್ಳಗಾಗುತ್ತಿತ್ತು, ಅದು ಬೇರೆ ಮಾತು. ಮುತ್ಯಾ ಕೆಟ್ಟವನಲ್ಲ. ಸಂಜೆ ಹಣ್ಣು ತಂದರೆ ಮೊದಲು ಆಯಿಯ ಮುಂದೆ ಇಡುವವನು. ಆದರೆ ಪದ್ಧತಿ ಎಂದೊಡನೆ ಅವನ ಕಿವಿಗೆ ಬಾಗಿಲು ಬೀಳುತ್ತಿತ್ತು.

ನಾನು ಮೊದಲ ಸಲ ಬುತ್ತಿಗಲ್ಲು ದಾಟಿದ್ದು ಒಂದು ಶ್ರಾವಣದಲ್ಲಿ. ನಸುಕಿನಲ್ಲೇ ಬಂಡಿ ಕಟ್ಟಿ ಹೊರಟು, ಮಹಾಗಾಂವದಲ್ಲಿ ಎತ್ತಿಗೆ ನೀರು ಕುಡಿಸಿ, ಎರೆಮಣ್ಣಿನಲ್ಲಿ ಹೂತ ಗಾಲಿಯನ್ನು ಎಳೆದೆಳೆದು ಕಮಲಾಪುರ ಮುಟ್ಟುವಾಗ ಸಂಜೆಯಾಗಿತ್ತು. ಹಳೆಯ ಮನೆಯ ತೊಲೆಗೆ ಕೆಂಪು ಬಾಳೆಯ ಗೊನೆ ತೂಗಿಬಿಟ್ಟಿದ್ದರು. ರಾತ್ರಿ ಊಟದ ಬದಲು ಅದನ್ನೇ ತಿಂದು ಮಲಗಿದೆ. ಮರುದಿನ ಗುಡ್ಡ ಹತ್ತುವಾಗ ಮಳೆ. ಕಾಲುದಾರಿಯೇ ಹಳ್ಳವಾಗಿ ಕೆಂಪು ನೀರು ನಮ್ಮ ಎದುರಿಗೆ ಇಳಿದು ಬರುತ್ತಿತ್ತು. ಸಾಗವಾನಿಯ ಅಗಲ ಎಲೆಗಳ ಮೇಲೆ ಹನಿ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಬುತ್ತಿಗಲ್ಲಿನ ಹತ್ತಿರ ಮುತ್ಯಾ ಮತ್ತು ಕಾಕಾ ಕಂಬಳಿ ಕೊಪ್ಪೆ ಹಾಕಿಕೊಂಡು ಮೇಲೆ ನಡೆದರು. ನಾನು, ಅವ್ವ, ಆಯಿ ಬೇವಿನ ಬುಡಕ್ಕೆ ಅಂಟಿ ಕೂತೆವು. ಅವರು ಮರೆಯಾದದ್ದೇ ತಡ, ಆಯಿ ಸೆರಗಿನೊಳಗಿಂದ ವಿಭೂತಿಯ ಗಟ್ಟಿ ತೆಗೆದಳು.

"ಅಯ್ಯ! ಮುತ್ಯಾ ವಿಭೂತಿ ಮರತು ಹೋದಾನಲ್ಲ. ನೀಲಾ, ಓಡಿ ಹೋಗಿ ಕೊಟ್ಟು ಬಾ."

"ನಿನ್ನ ಸೆರಗಿನಾಗ ಹ್ಯಾಂಗ ಬಂತು ಆಯಿ?"

"ವಿಭೂತಿ ಕೇಳ್ತದೇನು ಯಾರ ಸೆರಗಿನಾಗ ಇರಲಿ ಅಂತ? ನಡಿ. ಮ್ಯಾಲ ಏನೇನದ ಎಲ್ಲಾ ನೋಡಿ ಬಂದು ನನಗ ಹೇಳ."

ನಾನು ಓಡಿದೆ. ಜಾರಿದೆ, ಬಿದ್ದೆ, ಬೇರು ಹಿಡಿದು ಎದ್ದೆ. ಉಟ್ಟ ಪರಕಾರ ಪೂರಾ ಕೆಸರಾಯಿತು. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿ ಬಾಯಿಗೆ ಬಂದ ಹಾಡು ಹಾಡುತ್ತ ಹತ್ತಿದೆ. ತುದಿ ಮುಟ್ಟಿದಾಗ ಅಲ್ಲಿ ಮೋಡವೊಂದು ಬಿಟ್ಟರೆ ಏನೂ ಇರಲಿಲ್ಲ. ಬೆಳ್ಳಗೆ, ತಣ್ಣಗೆ, ಕೈ ಚಾಚಿದರೆ ಕೈಯೇ ಕಾಣದಂಥ ಮೋಡ. ಅದರೊಳಗಿಂದ ಮುತ್ಯಾನ ದನಿ ಮಾತ್ರ ಬಂತು. ವಿಭೂತಿ ಕಸಿದುಕೊಂಡು, ನನ್ನ ರಟ್ಟೆ ಹಿಡಿದು ಇಳಿಯುವ ದಾರಿಗೆ ತಿರುಗಿಸಿದ. ಬಂಡೆಯಾಗಲಿ ಹೆಜ್ಜೆಯಾಗಲಿ ನಾನು ನೋಡಲಿಲ್ಲ. ಕೆಳಗೆ ಬಂದು, ಏನೂ ಕಾಣಲಿಲ್ಲ, ಬರೀ ಮೋಡ ಎಂದರೆ ಆಯಿ ನಂಬಲೇ ಇಲ್ಲ.

"ನೀನೂ ಗಂಡಸರಂಗ ಮಾತಾಡಾಕತ್ತಿ ನೋಡು. ಅವರು ಕಲ್ಲ ಅಂತಾರ, ನೀ ಮಾಡ ಅಂತಿ. ನಾನ ಹೋಗಿ ನೋಡ್ಬೇಕು, ಬ್ಯಾರೆ ದಾರಿನೇ ಇಲ್ಲ."

ಕಲಬುರಗಿಗೆ ಮರಳಿದ ಮೇಲೆ ಮುತ್ಯಾ ಪಡಸಾಲೆಯಿಂದಲೇ ತೀರ್ಪು ಕೊಟ್ಟ: ಇನ್ನು ಮುಂದೆ ಹುಡುಗಿಯೂ ಬುತ್ತಿಗಲ್ಲು ದಾಟಬಾರದು. ಆಯಿ ಉತ್ತರ ಕೊಟ್ಟದ್ದು ಅಡುಗೆಮನೆಯಿಂದ. ಒಂದು ವಾರ ಮನೆಗೆಲ್ಲ ಬೇಳೆಯ ಕಟ್ಟು, ಸಪ್ಪಗೆ. ಕಡೆಗೆ ಕಾಕಾ ಯಾರಿಗೂ ಕಾಣದಂತೆ ಖಾರಪುಡಿಯ ಡಬ್ಬಿ ಇಟ್ಟುಕೊಂಡು ಉಣ್ಣತೊಡಗಿದ. ಮುತ್ಯಾ ಮಾತ್ರ ಸಪ್ಪನೆಯ ಅನ್ನವನ್ನು ಅಮೃತದಂತೆ ಉಂಡು ಕೈ ತೊಳೆಯುತ್ತಿದ್ದ. ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂದು ಇವತ್ತಿಗೂ ನನಗೆ ತೀರ್ಮಾನಿಸಲು ಬಂದಿಲ್ಲ.

ಎಳ್ಳಮಾವಾಸ್ಯೆಗೆ ಮತ್ತೆ ಹೋದೆವು. ನಮ್ಮ ಕಡೆ ಆ ಹಬ್ಬವೆಂದರೆ ಹೊಲದಲ್ಲಿ ಉಣ್ಣುವುದು. ಕಾಳು, ತಪ್ಪಲುಸೊಪ್ಪು, ಕಾಯಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ. ಎಲ್ಲವನ್ನೂ ಒಂದಿಷ್ಟು ಕಲಸಿ ಭೂಮಿತಾಯಿಗೆ ಎರಚಿದರೆ ಅದೇ ಚರಗ. ಹೊಲದ ಚರಗ ಮುಗಿಸಿ ಗುಡ್ಡದ ಚರಗಕ್ಕೆ ಹೊರಟಾಗ ಮಧ್ಯಾಹ್ನ ಇಳಿದಿತ್ತು. ಶ್ರಾವಣದಲ್ಲಿ ನನ್ನ ಎದೆಮಟ್ಟ ಇದ್ದ ಹುಲ್ಲು ಈಗ ಒಣಗಿ ಹಳದಿಯಾಗಿತ್ತು. ಬಾರಿ, ಎಂದರೆ ಬೋರೆಗಿಡಗಳ ತುಂಬ ಹಣ್ಣು. ಚಳಿಗೆ ತುಟಿ ಒಡೆದಿದ್ದರೂ ಹುಳಿಹಣ್ಣು ಬಿಡುವ ಮನಸ್ಸಿರಲಿಲ್ಲ. ಗಂಡಸರು ಮೇಲೆ ಹೋದರು. ಆಯಿ ಬುತ್ತಿಗಲ್ಲಿನ ಹತ್ತಿರ ಮೂರು ಕಲ್ಲು ಹೂಡಿ ಭಜ್ಜಿ ಬೆಚ್ಚಗೆ ಮಾಡಲು ಬೆಂಕಿ ಹಚ್ಚಿದಳು. ಹೊಗೆ ನೋಡಿಯೋ ಏನೋ, ಕಾಡಿನ ಸಾಹೇಬರೊಬ್ಬರು ಕುದುರೆ ಮೇಲೆ ಬಂದೇಬಿಟ್ಟರು. ಜೊತೆಗೆ ಎದೆಯ ಮೇಲೆ ಸರಕಾರದ ಹಿತ್ತಾಳೆ ಬಿಲ್ಲೆ ಕಟ್ಟಿದ ಒಬ್ಬ ಜವಾನ. ಅವ್ವ ಸೆರಗು ಎಳೆದುಕೊಂಡು ಮರದ ಹಿಂದೆ ಸರಿದಳು. ಸಾಹೇಬರು ಬೆಂಕಿ ನೋಡಿ ಹುಬ್ಬು ಗಂಟು ಹಾಕಿದರು.

"ಏ ಅಮ್ಮಾ, ಯೇ ಕ್ಯಾ ಹರ್ಕತ್ ಹೈ?"

"ಹರಕತ್ ಇಲ್ಲರೀ ಸಾಹೇಬ್ರ," ಎಂದಳು ಆಯಿ ಎದ್ದು ನಿಂತು ಕೈ ಮುಗಿದು. "ನಮ್ಮದೇನೂ ಹರಕತ್ ಇಲ್ಲ."

ಅವರ ಉರ್ದುವಿನಲ್ಲಿ ಹರ್ಕತ್ ಎಂದರೆ ಕಿಡಿಗೇಡಿತನ. ನಮ್ಮ ಮಾತಿನಲ್ಲಿ ಹರಕತ್ ಎಂದರೆ ಅಡ್ಡಿ, ತಕರಾರು. ಇದೇನು ಕಿತಾಪತಿ ಎಂದು ಅವರು ಗದರಿದರೆ, ಸಾಹೇಬರು ಬಂದದ್ದಕ್ಕೆ ತನ್ನ ತಕರಾರೇನಿಲ್ಲ ಎಂದು ಆಯಿ ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಟ್ಟಿದ್ದಳು. ಸಾಹೇಬರ ಮೀಸೆಯಡಿ ನಗು ಕಾಣಿಸಿತು. ಒಣಹುಲ್ಲನ್ನು ಚಾಟಿಯಿಂದ ತೋರಿಸಿ, ಆಮೇಲೆ ಗುಡ್ಡದ ತುದಿಯನ್ನು ತೋರಿಸಿ ನಿಧಾನವಾಗಿ ಹೇಳಿದರು:

"ಘಾಸ್ ಸೂಖೀ ಹೈ. ಯಹಾಂ ಆಗ್ ನಕ್ಕೋ. ಜಲಾನಾ ಹೈ ತೋ ಊಪರ್ ಪತ್ಥರ್ ಪೋ ಜಾವ್. ಊಪರ್ ಜಾವ್."

ಹುಲ್ಲು ಒಣಗಿದೆ, ಬೆಂಕಿ ಹಚ್ಚುವುದಾದರೆ ಮೇಲಿನ ಬಂಡೆಗೆ ಹೋಗಿ ಹಚ್ಚಿ. ಅವರು ಹೇಳಿದ್ದು ಇಷ್ಟೇ. ಆಯಿ ಇಟ್ಟುಕೊಂಡದ್ದು ಕೊನೆಯ ಎರಡು ಶಬ್ದ. ಕುದುರೆ ಮರೆಯಾಗುವುದರೊಳಗೆ ಬೆಂಕಿಗೆ ನೀರು ಸುರಿದು, ಬುತ್ತಿಯ ಗಂಟು ಬಿಗಿದು, ಸೀರೆಯನ್ನು ಕಚ್ಚೆಗೆ ಎಳೆದು ಸಿದ್ಧವಾಗಿದ್ದಳು. ಮುತ್ಯಾ ಮತ್ತು ಕಾಕಾ ಪೂಜೆ ಮುಗಿಸಿ ಇಳಿದು ಬಂದದ್ದೂ ಆಗಲೇ.

"ಸರಕಾರದ ಹುಕುಂ ಆಗ್ಯಾದ್ರೀ," ಎಂದಳು ಆಯಿ. "ನಾವು ಇಲ್ಲಿ ಕೂಡಂಗಿಲ್ಲಂತ. ಊಪರ್ ಜಾವ್ ಅಂದಾರ. ಬೇಕಂದ್ರ ನಿಮ್ಮ ಮಗನ್ನ ಕೇಳ್ರಿ, ಹಂಗಂದ್ರ ಏನು ಅಂತ."

ಕಾಕಾ ಏನೋ ಅನ್ನಲು ಬಾಯಿ ತೆರೆದ. ಆಯಿ ಅವನ ಕಡೆ ನೋಡಿದ ನೋಟಕ್ಕೆ ಅವನ ಉರ್ದು ಎಲ್ಲ ಒಣಗಿತು.

"ಊಪರ್ ಅಂದ್ರ ಮ್ಯಾಲ, ಅಪ್ಪಾ. ಅದಂತೂ ಖರೆ," ಎಂದ.

ಮುತ್ಯಾನಿಗೆ ಬಸವಣ್ಣನ ಮೇಲೆ ಎಷ್ಟು ಭಕ್ತಿಯೋ, ಹಿತ್ತಾಳೆ ಬಿಲ್ಲೆಯ ಮೇಲೂ ಅಷ್ಟೇ ಭಯ. ದಾರಿಯಿಂದ ಬದಿಗೆ ಸರಿದು ನಿಂತ. ಆಯಿ ಮೊಟ್ಟಮೊದಲ ಸಲ ಬುತ್ತಿಗಲ್ಲು ದಾಟಿದಳು, ಹಿಂದೆ ನಾನು. ಆದರೆ ಅಲ್ಲಿಂದ ದಾರಿ ಬಹಳ ಕಡಿದು. ಬೇರುಗಳು ಮೆಟ್ಟಿಲಿನಂತೆ ಎದ್ದ ಒಂದು ತಿರುವಿನಲ್ಲಿ ಅವಳ ಉಸಿರು ಸಿಕ್ಕಿಬಿತ್ತು. ಕೂತಳು, ಎದ್ದಳು, ಮತ್ತೆ ಕೂತಳು. ಮೊಣಕಾಲು ಗಡಗಡ ನಡುಗುತ್ತಿದ್ದವು. ಹೊತ್ತು ಮುಳುಗತೊಡಗಿತ್ತು, ಇಳಿಯದೆ ಗತಿ ಇರಲಿಲ್ಲ. ಹಿಂದಿನಿಂದ ಬಂದು ನಿಂತಿದ್ದ ಮುತ್ಯಾ ಆಗ ಅಂದ ಮಾತು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

"ಹುಕುಂ ಸರಕಾರದ್ದು ಖರೆ. ಮೊಣಕಾಲು ನಿಂದೇ ಅಲ್ಲ?"

ಬಂಡಿಯಲ್ಲಿ ಮರಳುವಾಗ ಆಯಿ ಸೆರಗು ಮುಚ್ಚಿಕೊಂಡು ಅತ್ತಳು. ಒಲೆಯ ಹೊಗೆಗೂ ಕಣ್ಣೀರು ಹಾಕದವಳು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ನನಗೂ ಅಳು ಬಂತು. ಮುತ್ಯಾ ಎತ್ತುಗಳಿಗೆ ಬೇಕಿಲ್ಲದಿದ್ದರೂ ಹಾಂ, ಹೂಂ ಎನ್ನುತ್ತ ಮುಂದೆ ನೋಡಿಕೊಂಡಿದ್ದ.

ಮನೆಗೆ ಬಂದ ಮರುದಿನದಿಂದ ಆಯಿ ಮಾಳಿಗೆ ಹತ್ತತೊಡಗಿದಳು. ನಮ್ಮ ಮಾಳಿಗೆಯ ಮೆಟ್ಟಿಲು ಕಲ್ಲಿನವು, ಒಂದೊಂದೂ ಮೊಣಕಾಲೆತ್ತರ. ಬೆಳಿಗ್ಗೆ ಹತ್ತುವಳು, ಇಳಿಯುವಳು, ಮತ್ತೆ ಹತ್ತುವಳು. ಕೇಳಿದವರಿಗೆ ಸಂಡಿಗೆ ಒಣಗಿಸುತ್ತೇನೆ ಎನ್ನುವಳು. ಸಂಡಿಗೆಯ ದಿನಗಳು ಇನ್ನೂ ದೂರವಿದ್ದವು. ನೆರೆಯವರು ಮುದುಕಿಗೆ ಏನೋ ಆಗಿದೆ ಎಂದು ಮಾತಾಡಿಕೊಂಡರು. ಆಮೇಲಾಮೇಲೆ ಸೊಂಟದಲ್ಲಿ ತುಂಬಿದ ಕೊಡ ಇಟ್ಟುಕೊಂಡು ಹತ್ತತೊಡಗಿದಳು. ಪಡಸಾಲೆಯ ಮಾಡಿನಿಂದ ಮಣ್ಣು ಉದುರಿ ಮುತ್ಯಾನ ಗಾದಿಯ ಮೇಲೆ ಬೀಳುತ್ತಿತ್ತು. "ಮಾಳಗಿ ಕೆಡವ್ತೀ ಏನ?" ಎಂದು ಅವನು, "ಬಿದ್ರ ಸರಕಾರಕ್ಕ ಅರ್ಜಿ ಹಾಕ್ರಿ" ಎಂದು ಇವಳು. ಜಗಳಕ್ಕೆ ಸಿಗದ ನಮ್ಮ ಅವ್ವ ಒಂದು ದಿನ ಹಿಟ್ಟಿನ ಕೈ ತೊಳೆದು ಬಂದು, ಆಯಿ ಇಳಿಸಿದ ಕೊಡವನ್ನು ಮತ್ತೆ ತುಂಬಿ ಅವಳ ಸೊಂಟಕ್ಕೆ ಏರಿಸಿದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದನ್ನು ನಾನು ಮೆಟ್ಟಿಲ ಕೆಳಗೆ ನಿಂತು ನೋಡಿದೆ. ದೊಡ್ಡವರು ಏನೂ ಇಲ್ಲ ಎಂದು ಕೈಯಾಡಿಸಿದ ಕಡೆಗೇ ಹೋಗಿ ನೋಡುವ ನನ್ನ ಚಟ ಹುಟ್ಟಿದ್ದು ಆ ಚಳಿಗಾಲದಲ್ಲಿ. ಆ ಚಟ ನನಗೆ ಮುಂದೆ ಬೈಗುಳ ತಂದಿತು, ಬದುಕನ್ನೂ ತಂದಿತು.

ಬಿಸಿಲಿನ ಪೂಜೆಗೆ ಹೋದಾಗ ಗುಡ್ಡದ ಗುರುತೇ ಸಿಗಲಿಲ್ಲ. ಎಲೆಯೆಲ್ಲ ಉದುರಿ ಕಲ್ಲು, ಕೊರಕಲು, ಮಂಗಗಳ ಹಾದಿ ಎಲ್ಲವೂ ಬಯಲಾಗಿತ್ತು. ಎಲೆ ಇಲ್ಲದ ಮುತ್ತಲ ಗಿಡಗಳು ಮೈತುಂಬ ಕೆಂಪು ಹೂ ಬಿಟ್ಟಿದ್ದವು. ಕಾಲಿಟ್ಟಲ್ಲೆಲ್ಲ ತರಗೆಲೆ ಹಪ್ಪಳದಂತೆ ಮುರಿಯುತ್ತಿತ್ತು. ಹೊತ್ತು ಏರುವ ಮೊದಲೇ ಬುತ್ತಿಗಲ್ಲು ಮುಟ್ಟಿದೆವು. ಅಲ್ಲಿ ಮುತ್ಯಾ ನಾವ್ಯಾರೂ ಎಣಿಸದ ಕೆಲಸ ಮಾಡಿದ. ಹೆಗಲ ಮೇಲಿನ ಶಾಲು ಹಾಸಿ ಕಲ್ಲಿನ ಮೇಲೆ ಕೂತುಬಿಟ್ಟ.

"ನೀವು ಹೋಗ್ರಿ. ಹ್ಯಾಂಗೂ ಅರ್ಧಕ್ಕ ಹೊಳ್ಳಿ ಬರ್ತೀರಿ. ನಾ ಇಲ್ಲೇ ಬುತ್ತಿ ಕಾಯ್ತೀನಿ," ಎಂದ, ರುಮಾಲು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ.

ಆಯಿ ಬುತ್ತಿಯ ಗಂಟನ್ನು ಅವನ ಮುಂದಿಟ್ಟು, ಪೂಜೆಯ ಕೊಡವನ್ನು ಸೊಂಟಕ್ಕೇರಿಸಿದಳು. ಕಾಕಾ ಕೈ ಚಾಚಿದರೆ ಕೊಡಲಿಲ್ಲ. ಮುಂದೆ ಆಯಿ, ಹಿಂದೆ ಅವ್ವ, ನಾನು, ಕಾಕಾ. ತರಗೆಲೆ ಮಳೆಯ ಕೆಸರಿಗಿಂತಲೂ ಹೆಚ್ಚು ಜಾರುತ್ತಿತ್ತು. ಬೆವರಿಗೆ ಆಯಿಯ ಹಣೆಯ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ಬೇರುಗಳ ತಿರುವು ಬಂತು. ಈಗ ಕೂಡುತ್ತಾಳೆ, ಈಗ ಕೂತರೆ ಮತ್ತೆ ಯಾವತ್ತೂ ಏಳುವುದಿಲ್ಲ ಅನ್ನಿಸಿತು. ಆಯಿ ಕೂಡಲಿಲ್ಲ. ಒಂದು ಬೇರನ್ನು ಮೆಟ್ಟಿದಳು, ಇನ್ನೊಂದನ್ನು ಮೆಟ್ಟಿದಳು, ಮಾಳಿಗೆ ಹತ್ತುವ ಅದೇ ನಡಿಗೆ. "ಸಂಡಗಿ ಒಣಗಸಾಕ ಹೊಂಟೀನಿ," ಎಂದು ಅವ್ವನಿಗೆ ಹೇಳಿದಳು, ಮೇಲುಸಿರು ಬಿಡುತ್ತ. ಅವ್ವ ನಕ್ಕಳು, ನಾನೂ ನಕ್ಕೆ, ನಗುತ್ತಲೇ ತುದಿ ಮುಟ್ಟಿದೆವು.

ಮೋಡವಿರಲಿಲ್ಲ. ಅಬ್ಬಾ, ಎಷ್ಟು ದೊಡ್ಡದಿತ್ತು ನಮ್ಮ ನೆಲ! ಕೆಳಗೆ ಕೆಂಪು ಹೂವಿನ ಕಾಡು, ಅದರಾಚೆ ಕಮಲಾಪುರದ ಬಾಳೆತೋಟದ ಹಸಿರು, ಆಮೇಲೆ ಕಣ್ಣು ಸೋಲುವ ತನಕ ಕರಿ ಎರೆಭೂಮಿ. ಆಯಿ ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಸುತ್ತ ತಿರುಗಿ ನೋಡಿದಳು. ಇಷ್ಟನ್ನು ಇಟ್ಟುಕೊಂಡು ಕಲ್ಲದ ಅಂದಾನಲ್ಲ, ಎಂದು ಗೊಣಗಿದಳು. ಕಾಕಾ ಬಂಡೆಯ ನಡುವಿನ ಗುಂಡನೆಯ ಕುಳಿ ತೋರಿಸಿ, ಇದೇ ಬಸವಣ್ಣನ ಹೆಜ್ಜೆ ಎಂದ. ಪಕ್ಕದಲ್ಲಿ ವಿಭೂತಿ ಹಚ್ಚಿದ ಒಂದು ಗುಂಡುಕಲ್ಲು. ಅದು ಬಸವಣ್ಣನ ಕೊರಳ ಗಂಟೆ ಅಂತೆ. ಆಯಿ ಕೂತು ಕುಳಿಯೊಳಗೆ ಕೈ ಹಾಕಿ, ಸುತ್ತಲೂ ಸವರಿದಳು. ಗುಂಡುಕಲ್ಲನ್ನು ಎತ್ತಿ ಕುಳಿಯಲ್ಲಿಟ್ಟು ಒಂದು ಸುತ್ತು ತಿರುವಿದಳು. ಗರಗರ ಎಂದು ಸಲೀಸಾಗಿ ತಿರುಗಿತು.

"ಏ ಇವನ, ಇದು ಒರಳಲ್ಲೇನೋ!"

ಒರಳೇ. ಅನುಮಾನವೇ ಇರಲಿಲ್ಲ. ಯಾವುದೋ ಕಾಲದಲ್ಲಿ ಹೆಂಗಸರು ಇಲ್ಲಿ ಕೂತು ರುಬ್ಬಿ ರುಬ್ಬಿ ಅದರ ಒಳಮೈ ನುಣುಪಾಗಿತ್ತು. ನಮ್ಮ ಮನೆಯ ಗಂಡಸರು ಒಬ್ಬರೂ ಜನ್ಮದಲ್ಲಿ ರುಬ್ಬಿದವರಲ್ಲ. ಒರಳಿಗೆ ಪತ್ರಿ ಏರಿಸಿ, ಚರಗ ಚೆಲ್ಲಿ, ಗುಂಡುಕಲ್ಲಿಗೆ ವಿಭೂತಿ ಬಳಿದು ಕೈ ಮುಗಿದು ಬರುತ್ತಿದ್ದರು. ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕೊಡದ ನೀರನ್ನು ಭಕ್ತಿಯಿಂದ ಅದರ ತುಂಬ ಎರೆದು, ನಮ್ಮೆಲ್ಲರ ಕೈ ಮುಗಿಸಿದಳು.

"ಇಷ್ಟ ವರ್ಷ ಪೂಜಿ ಉಂಡದ, ದ್ಯಾವರಂತೂ ಖರೆ. ಇಲ್ಲಿ ರುಬ್ಬಿದಾಕಿ ಯಾರಿದ್ದಳೋ, ಅಕಿಗೂ ಒಂದು ಶರಣು."

ಎಲ್ಲರಿಗೂ ಹಸಿವಾಗಿತ್ತು. ಬುತ್ತಿ ಕೆಳಗಿತ್ತು. ಆಯಿ ಬಂಡೆಯ ಅಂಚಿಗೆ ಹೋಗಿ ನಿಂತಳು. ಎಲೆ ಇಲ್ಲದ ಕಾಡಿನ ನಡುವೆ ಬುತ್ತಿಗಲ್ಲೂ, ಅದರ ಮೇಲೆ ಗಂಟು ಕಾಯುತ್ತ ಕೂತ ಮುತ್ಯಾನ ಬೋಳುತಲೆಯೂ ಕಾಣುತ್ತಿದ್ದವು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳಬಾರದು. ಮುತ್ಯಾನ ಹೆಸರು ಗುರುಲಿಂಗಪ್ಪ. ಅದರ ದೆಸೆಯಿಂದ ಆಯಿ ಗುರು ಎಂಬ ಮಾತನ್ನೂ ಆಡಿದವಳಲ್ಲ, ಲಿಂಗ ಎಂಬ ಮಾತನ್ನೂ ಆಡಿದವಳಲ್ಲ. ಗುರುಗಳು ಬಂದರೆ ಅಯ್ನೋರು ಬಂದರು ಎನ್ನುವಳು, ಲಿಂಗಪೂಜೆಗೆ ಬರೀ ಪೂಜಿ ಎನ್ನುವಳು. ಗುರು, ಲಿಂಗ ಎರಡನ್ನೂ ಬಾಯಿಂದ ಹೊರಗೆ ಬಿಡದೆ ಲಿಂಗಾಯತರ ಮನೆ ನಡೆಸುವುದು ಸಣ್ಣ ಕೆಲಸವಲ್ಲ. ಆ ಆಯಿ ಎರಡೂ ಅಂಗೈಯನ್ನು ಬಾಯಿಯ ಸುತ್ತ ಹಿಡಿದು, ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದಳು:

"ಏ ಗುರುಲಿಂಗಪ್ಪಾ! ಬುತ್ತಿ ತಗೊಂಡು ಮ್ಯಾಲ ಬಾರಪ್ಪಾ!"

ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕಾಕಾ ಕಲ್ಲಾದ. ಎದುರಿನ ಗುಡ್ಡ ಆ ಹೆಸರನ್ನು ಎತ್ತಿಕೊಂಡು ಕಾಡಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿತು. ಕೆಳಗೆ ಮುತ್ಯಾ ತಲೆಯೆತ್ತಿ ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡು, ಬುತ್ತಿಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಎದ್ದು ನಿಂತ. ಮದುವೆಯಾದಾಗಿನಿಂದ ಹೆಂಡತಿಯನ್ನು ಏ, ಇಕಿ, ನೀ ಎಂದೇ ಕರೆದ ಬಾಯಿಂದ ಬಂದ ಉತ್ತರವನ್ನು ಗುಡ್ಡವೂ ಕೇಳಿತು, ನಾವೂ ಕೇಳಿದೆವು:

"ಬಂದೆನ್ರೀ!"